ಅಕ್ಕನ ಥಂಡಿ, ನಮ್ಮ ಬಿಸಿಲು

ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂದರೆ ಅದು ಅಕ್ಕನದೇ. ಚಳಿಗಾಲದಲ್ಲಿ ನಮಗೆ ಬೆಳಗಿನ ಏಳು ಅಂದರೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಿಂದಿನ ದಿನ ಸಂಜೆ ಏಳೂವರೆ. ಮಗಳ ಮನೆಗೆ ಅಂತ ಹೋದವಳು ಅಲ್ಲೇ ಉಳಿದುಬಿಟ್ಟಳು. ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಕಿಟಕಿ ಹತ್ತಿರ ಕೂತು ಫೋನ್ ಹಚ್ಚುತ್ತಾಳೆ. ಡಿಸೆಂಬರ್, ಜನವರಿಯಲ್ಲಿ ಈ ಫೋನು ಜಾಸ್ತಿ. ನಾನು ಹೇಗಿದ್ದೀನಿ ಅಂತ ಕೇಳುವುದಕ್ಕಲ್ಲ. ಅವಳಿಗೆ ನನ್ನ ಹಿತ್ತಲು ನೋಡಬೇಕು.

"ತಮ್ಮಾ, ಕ್ಯಾಮೆರಾ ಆ ಕಡೆ ತಿರುಗ್ಸು. ಮೆಂತ್ಯೆ ಎಷ್ಟು ಬಂದೈತಿ ನೋಡೂಣು."

ತಿರುಗಿಸುತ್ತೇನೆ. ಮೆಂತ್ಯೆ, ಕೊತ್ತಂಬರಿ, ಒಂದು ಸಾಲು ಮೂಲಂಗಿ, ಹೂ ಬಿಟ್ಟ ಅವರೆ, ಗೋಡೆ ಬದಿಗೆ ಸೇವಂತಿ. ಅವಳು ಒಂದೊಂದನ್ನೂ ಹತ್ತಿರ ತೋರಿಸು ಅಂತಾಳೆ. ಆಮೇಲೆ ತನ್ನ ಕಡೆ ತಿರುಗಿಸುತ್ತಾಳೆ. ಗಾಜಿನ ಕಿಟಕಿ, ಅಂಚಿಗೆ ಮಂಜುಗಡ್ಡೆ, ಅದರಾಚೆ ಹಿತ್ತಲ ಲೈಟಿನ ಕೆಳಗೆ ಬರೀ ಬಿಳಿ. ಬೇಲಿಯ ತುದಿ ಮಾತ್ರ ನಾಲ್ಕು ಬೆರಳಷ್ಟು ಹೊರಗೆ ಕಾಣುತ್ತದೆ.

ಮೊದಲೆಲ್ಲ ನನಗೆ ಅವಳ ಬಗ್ಗೆ ಪಾಪ ಅನ್ನಿಸುತ್ತಿತ್ತು. ಜೀವಮಾನವಿಡೀ ಮಣ್ಣಲ್ಲಿ ಕೈ ಇಟ್ಟವಳು. ಅಕ್ಟೋಬರ್‌ನಿಂದ ಮೇ ತನಕ ಅಲ್ಲಿ ಕೈ ಕಟ್ಟಿ ಕೂರಬೇಕಲ್ಲ ಅಂತ. ಒಂದು ಸಲ ಕೇಳೇಬಿಟ್ಟೆ, "ಅಷ್ಟು ತಿಂಗಳು ಏನ್ ಮಾಡ್ತೀಯವಾ?"

ಅಕ್ಕ ನಕ್ಕಳು. "ಬ್ಯಾಸಿಗ್ಯಾಗ ನೀ ಏನ್ ಮಾಡ್ತಿ?"

ಉತ್ತರ ಇರಲಿಲ್ಲ. ಯಾಕಂದರೆ ನಾನು ಬೇಸಿಗೆಯಲ್ಲಿ ಏನೂ ಮಾಡುತ್ತಿರಲಿಲ್ಲ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಮುಳುಗಡೆಯವರು. ಆಲಮಟ್ಟಿ ಹಿನ್ನೀರು ಏರಿದಾಗ ಹಳೇ ಊರಿನ ಮನೆ ಬಿಟ್ಟು ಇಲ್ಲಿ ಸೈಟು ತಗೊಂಡವರು. ಹೊಸ ಊರಿಗೆ ರಸ್ತೆ ಬಂತು, ನಲ್ಲಿ ಬಂತು, ಲೈಟು ಬಂತು. ಮಣ್ಣು ಮಾತ್ರ ಬರಲಿಲ್ಲ. ಹಿತ್ತಲಲ್ಲಿ ಗುದ್ದಲಿ ಹಾಕಿದರೆ ಖಣ್ ಅನ್ನುತ್ತಿತ್ತು. ಬರೀ ಗರಸು. ಎರಡು ಟ್ರ್ಯಾಕ್ಟರ್ ಎರಿ ಮಣ್ಣು, ಒಂದು ಟ್ರ್ಯಾಕ್ಟರ್ ತಿಪ್ಪೆ ಗೊಬ್ಬರ ತರಿಸಿದೆವು. ಅದರ ಮೇಲೆ ವರ್ಷಾನುಗಟ್ಟಲೆ ಎಲೆ, ಕಣಿಕಿ, ಅಡುಗೆಮನೆ ಕಸ ಹಾಕಿ ಹಾಕಿ ಈಗ ಒಂದು ಮೊಳ ಮಣ್ಣಾಗಿದೆ. ಇವತ್ತಿಗೂ ಗಜ್ಜರಿ ಹಾಕಿದರೆ ಕೆಳಗೆ ಗರಸು ತಾಗಿ ಕವಲೊಡೆಯುತ್ತದೆ. ಕಿತ್ತರೆ ಪಾಯಿಜಾಮ ಹಾಕಿಕೊಂಡ ಗಜ್ಜರಿ ಬರುತ್ತದೆ. ರುಚಿಗೇನೂ ಕಮ್ಮಿಯಿಲ್ಲ.

ಇಂಥ ನೆಲಕ್ಕೆ ಚಳಿಗಾಲ ಅಂದರೆ ಹಬ್ಬ. ರಾತ್ರಿ ಹದಿಮೂರು ಹದಿನಾಲ್ಕು ಡಿಗ್ರಿ, ಹಗಲಿಗೆ ಹಿತವಾದ ಬಿಸಿಲು, ಬೆಳಗಿನ ಜಾವ ಇಬ್ಬನಿ. ಮೆಂತ್ಯೆ ಉದುರಿಸಿದ ನಾಲ್ಕನೇ ದಿನ ಮೊಳಕೆ, ತಿಂಗಳೊಪ್ಪತ್ತಿಗೆ ಪಲ್ಯ. ಕೊತ್ತಂಬರಿ ತುಸು ಸೋಮಾರಿ, ಎಂಟು ಹತ್ತು ದಿನ ತಗೊಳ್ಳುತ್ತದೆ. ಆದರೆ ಬಿಸಿಲುಗಾಲದ ಹಾಗೆ ನಾಲ್ಕೆಲೆ ಬಿಟ್ಟ ಕೂಡಲೇ ಹೂವಿಗೆ ಹೋಗುವುದಿಲ್ಲ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬರುವ ಹೊತ್ತಿಗೆ ಹೊಲದಲ್ಲೂ ಹಿತ್ತಲಲ್ಲೂ ಕಾಲಿಟ್ಟಲ್ಲಿ ತಪ್ಪಲ. ಚರಗ ಚೆಲ್ಲಲು, ಬೆಳೆಗೆ ಎಡೆ ಕೊಡಲು, ಊರ ಹೊಲಕ್ಕೆ ಹೋದರೆ ವಾಪಸ್ ಬರುವಾಗ ಸೆರಗಲ್ಲಿ, ಟವೆಲಲ್ಲಿ ಕಡ್ಲಿ ಪಲ್ಯ ಕಟ್ಟಿಕೊಂಡು ಬರುವುದು. ಆ ಎಳೇ ಕಡ್ಲಿ ಎಲೆಯ ಹುಳಿ ಇದೆಯಲ್ಲ, ಬೆಳಿಗ್ಗೆ ಗಿಡ ಸವರಿ ಬೆರಳು ನೆಕ್ಕಿದವರಿಗೆ ಗೊತ್ತು. ಹಿಂದೆ ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಶೇಖರಿಸಿಡುತ್ತಿದ್ದರು. ಸಂಕ್ರಾಂತಿಗೆ ಸಜ್ಜಿ ರೊಟ್ಟಿ, ಬಾರಿಹಣ್ಣು, ಸುಲಗಾಯಿ, ಕಬ್ಬು. ಈ ಎರಡು ಮೂರು ತಿಂಗಳು ತೋಟ ಮಾಡುವವನಿಗೆ ಬುದ್ಧಿ ಬೇಕಿಲ್ಲ. ಬೀಜ ಎಸೆದರೆ ಸಾಕು.

ಆಮೇಲೆ ಶಿವರಾತ್ರಿ. ಚಳಿ ಶಿವ ಶಿವಾ ಅಂತ ಹೋಗುತ್ತದೆ. ಮಾರ್ಚ್ ಮುಗಿಯುವುದರೊಳಗೆ ಮಣ್ಣು ಬಿರುಕು ಬಿಡುತ್ತದೆ, ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುತ್ತದೆ, ನಲ್ಲಿ ನೀರಿನ ಬಗ್ಗೆ ಮನೆಯಲ್ಲಿ ಜಗಳ ಶುರು. ತುಳಸಿ, ಕರಿಬೇವು, ದಾಸವಾಳಕ್ಕಷ್ಟೇ ನೀರು ಅಂತ ಹೆಂಡತಿಯ ಆರ್ಡರ್ ಆಗುತ್ತದೆ. ನಾನು ಶಾಲೆಗೆ ಸೂಟಿ ಬಿಟ್ಟ ಹುಡುಗನ ಹಾಗೆ ಸಲಿಕಿ, ಕುರ್ಪಿ ಮೂಲೆಗೆ ಒಗೆದು ಫ್ಯಾನಿನ ಕೆಳಗೆ ಬಿದ್ದುಕೊಳ್ಳುತ್ತಿದ್ದೆ. ಮತ್ತೆ ಹಿತ್ತಲಿಗೆ ಹೋಗುತ್ತಿದ್ದುದು ಜೂನ್‌ನ ಮಿರಗ ಮಳೆ ಬಂದ ಮೇಲೆ.

ಹಾಗೆ ನೋಡಿದರೆ ನನಗೂ ಅಕ್ಕನ ಹಾಗೇ ಒಂದು ಚಳಿಗಾಲ ಇತ್ತು. ಅದಕ್ಕೆ ಬೇಸಿಗೆ ಅಂತ ಹೆಸರು, ಅಷ್ಟೇ. ಇದು ನನಗೆ ಹೊಳೆದದ್ದು ಮೂರು ವರ್ಷದ ಹಿಂದೆ, ಒಂದು ಪೆಟ್ಟು ತಿಂದ ಮೇಲೆ.

ಆ ವರ್ಷ ಮಿರಗ ಒಳ್ಳೇ ಹದವಾಗಿ ಆಯಿತು. ಅಟ್ಟದಿಂದ ಬೀಜದ ಬಾಟಲಿ ಇಳಿಸಿದೆ. ಅವರೆ, ಬೆಂಡಿ, ಜೊತೆಗೆ ಅವ್ವನ ಹೀರಿಕಾಯಿ. ಅವ್ವನ ಹೀರಿಕಾಯಿ ಅಂದರೆ ಅವಳು ಹಳೇ ಮನೆಯಿಂದ ತಂದ ತಳಿ. ಗಿಡ್ಡ, ದಪ್ಪ, ಏಣು ಚೂಪು. ಅಂಗಡಿಯಲ್ಲಿ ಈ ಥರದ್ದು ಸಿಗುವುದಿಲ್ಲ. ಗುಣಿ ತೋಡಿ, ಗೊಬ್ಬರ ಹಾಕಿ, ಎಲ್ಲ ಊರಿದೆ. ಹೀರಿ ಒಂದು ವಾರದಲ್ಲಿ ತಲೆ ಎತ್ತಬೇಕು. ಹದಿನೈದು ದಿನ ಕಾದೆ. ಬಂದದ್ದು ಬರೀ ಕಸ. ಇರುವೆ ತಿಂದಿರಬೇಕು ಅಂದೆ. ಮಳೆ ಜಾಸ್ತಿ ಆಯ್ತು ಅಂದೆ. ಪಕ್ಕದ ಮನೆ ಕೋಳಿ ಕೆದರಿತು ಅಂತ ಅವರ ಹತ್ತಿರ ಸಣ್ಣ ಮಾತೂ ಆಯಿತು. ಸುಮ್ನೆ, ಪಾಪದ ಕೋಳಿ.

ಅಕ್ಕನಿಗೆ ಹೇಳಿದೆ. ಅವಳು ಮಳೆ, ಕೋಳಿ ಏನೂ ಕೇಳಲಿಲ್ಲ.

"ಬೀಜ ಎಲ್ಲಿಟ್ಟಿದ್ದಿ?"

"ಅಟ್ಟದ ಮ್ಯಾಲೆ. ಗಾಜಿನ ಬಾಟ್ಲ್ಯಾಗ, ಮುಚ್ಚಳ ಬಿಗಿ ಮಾಡಿ."

"ಆರ್‌ಸಿಸಿ ಕೆಳಗ, ಏಪ್ರಿಲ್-ಮೇ ಎರಡೂ ತಿಂಗಳು? ಅದು ಅಟ್ಟಾನೋ ಒಲಿನೋ?"

ಅವತ್ತು ಅವಳು ನನಗೆ ಒಂದು ಲೆಕ್ಕ ಹೇಳಿದಳು. ಜೇಮ್ಸ್ ಹ್ಯಾರಿಂಗ್ಟನ್ ಅಂತ ಒಬ್ಬ ಅಮೆರಿಕದ ಬೀಜ ವಿಜ್ಞಾನಿ ಮಾಡಿಟ್ಟ ಲೆಕ್ಕ. ಬೀಜದೊಳಗಿನ ತೇವ ಶೇಕಡಾ 1ರಷ್ಟು ಇಳಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಇಟ್ಟ ಜಾಗದ ಬಿಸಿ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೂ ಅಷ್ಟೇ, ಎರಡು ಪಟ್ಟು. ಉಲ್ಟಾ ಹೋದರೆ ಅರ್ಧ, ಅರ್ಧದ ಅರ್ಧ. ನಾನು ಮಾಡಿದ್ದು ಎರಡೂ ತಪ್ಪು. ಫೆಬ್ರುವರಿಯಲ್ಲಿ ಬೀಜ ಪೂರ್ತಿ ಒಣಗುವ ಮೊದಲೇ ಬಾಟಲಿಗೆ ಹಾಕಿ ಮುಚ್ಚಳ ಬಿಗಿದಿದ್ದೆ. ತೇವ ಒಳಗೇ ಉಳಿಯಿತು. ಮೇಲಿನಿಂದ ಸ್ಲ್ಯಾಬಿನ ಕಾವು. ಬೀಜ ಬಾಟಲಿಯಲ್ಲೇ ಬೆಂದು ಸತ್ತಿತ್ತು. ನೋಡಲಿಕ್ಕೆ ಮಾತ್ರ ಫಳಫಳ.

ಅವ್ವ ಈ ಲೆಕ್ಕ ಓದಿರಲಿಲ್ಲ. ಆದರೆ ಅವಳ ಪದ್ಧತಿ ಬೇರೆ ಇತ್ತು. ಬಳ್ಳಿಯಲ್ಲೇ ಒಣಗಿದ ಹೀರಿಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಆಗ ಒಡೆಯುವುದು. ಕರೀ ಬೀಜ ಬಿಡಿಸಿ, ಎರಡು ದಿನ ನೆರಳಿಗೆ ಹಾಕಿ, ಆಮೇಲೆ ಸಗಣಿಗೆ ಒಲೆ ಬೂದಿ ಕಲಸಿ ಅಂಗೈಯಗಲದ ಬಿಲ್ಲೆ ತಟ್ಟುತ್ತಿದ್ದಳು. ಅದರಲ್ಲಿ ಒಂದೊಂದೇ ಬೀಜ ಒತ್ತಿ, ಬೆರಳಿನಿಂದ ಮೇಲೆ ಸವರಿ ಮುಚ್ಚಿ, ಗೋಡೆಗೆ ಬಡಿಯುವುದು. ಬಿಲ್ಲೆ ಒಣಗಿದರೆ ಅವಳ ಮೂರು ಬೆರಳಿನ ಗುರುತು ಹಾಗೇ ಕೂತಿರುತ್ತಿತ್ತು. ಬೂದಿ ತೇವ ಎಳೆದುಕೊಳ್ಳುತ್ತದೆ, ಹುಳ ಹತ್ತಿರ ಬರುವುದಿಲ್ಲ, ಮಣ್ಣಿನ ಗೋಡೆ ತಂಪು. ಮಳೆ ಬಂದಾಗ ಬಿಲ್ಲೆ ಮುರಿದು ಸಗಣಿ ಸಮೇತ ಗುಣಿಗೆ. ನವನಗರಕ್ಕೆ ಬಂದ ಮೊದಲ ವರ್ಷ ಹೊಸದಾಗಿ ಬಣ್ಣ ಹಚ್ಚಿದ ಕಾಂಪೌಂಡ್ ಗೋಡೆಗೆ ನಾಲ್ಕು ಬಿಲ್ಲೆ ಬಡಿದಿದ್ದಳು. ಅಪ್ಪ ಕೂಗಾಡಿದರು. ಬಿಲ್ಲೆ ಕಿತ್ತರು. ಮರುವರ್ಷದಿಂದ ಬೀಜ ಬಾಟಲಿಗೆ ಬಂತು. ಗೋಡೆ ಚಂದ ಉಳಿಯಿತು.

ಲಗ್ನಪತ್ರಿಕೆಯ ಒಂದು ಲಕೋಟೆಯಲ್ಲಿ ಹತ್ತೊಂಬತ್ತು ಹೀರಿ ಬೀಜ ಉಳಿದಿದ್ದವು. "ಎಲ್ಲಾ ಊರಿ ಕಳಕೋಬ್ಯಾಡ, ಹತ್ತು ತಗೊಂಡು ಮೊದಲು ಪರೀಕ್ಷೆ ಮಾಡು" ಅಂದಳು ಅಕ್ಕ. ಹಳೇ ಧೋತರದ ತುಂಡು ಒದ್ದೆ ಮಾಡಿ, ಹಿಂಡಿ, ಹತ್ತು ಬೀಜ ಸಾಲಾಗಿಟ್ಟು ಸುತ್ತಿ, ಡಬ್ಬಿಯಲ್ಲಿ ಹಾಕಿಟ್ಟೆ. ಹತ್ತರಲ್ಲಿ ಎಂಟು ಮೊಳೆತರೆ ಶೇಕಡಾ 80. ಐದು ಮೊಳೆತರೆ ದುಪ್ಪಟ್ಟು ಬೀಜ ಊರಬೇಕು. ಲೆಕ್ಕ ಇಷ್ಟೇ. ನನ್ನ ಹತ್ತರಲ್ಲಿ ಎರಡು ಮೊಳೆತವು. ಉಳಿದ ಒಂಬತ್ತರಲ್ಲಿ ಒಂದು. ಮೂರು ಸಸಿಯಲ್ಲಿ ಒಂದನ್ನು ನಿಜವಾಗಿಯೂ ಆ ಕೋಳಿಯೇ ಕಿತ್ತಿತು. ಎರಡು ಬಳ್ಳಿ ಉಳಿದವು. ಆ ವರ್ಷ ನಮ್ಮ ಮನೆಯಲ್ಲಿ ಹೀರಿಕಾಯಿ ಪಲ್ಯ ಮಾಡಲಿಲ್ಲ. ಬಿಟ್ಟ ಕಾಯೆಲ್ಲ ಬೀಜಕ್ಕೆ.

ಅವತ್ತಿನಿಂದ ಅಕ್ಕನ ಚಳಿಗಾಲವನ್ನು ನಾನು ಸ್ವಲ್ಪ ಗಮನ ಕೊಟ್ಟು ಕೇಳತೊಡಗಿದೆ.

ಮಿನಿಯಾಪೊಲಿಸ್‌ನ ಥಂಡಿ ನಮ್ಮ ಮಾಗಿ ಚಳಿಯಲ್ಲ. ಜನವರಿಯ ರಾತ್ರಿ ಸರಾಸರಿ ಸೊನ್ನೆಗಿಂತ ಹದಿಮೂರು ಡಿಗ್ರಿ ಕೆಳಗೆ. ನೆಲ ಎಷ್ಟು ಆಳ ಹೆಪ್ಪುಗಟ್ಟುತ್ತದೆ ಅಂದರೆ ಮನೆಯ ಪಾಯ 42 ಇಂಚಾದರೂ ಕೆಳಗಿಳಿಯಬೇಕು ಅಂತ ಅಲ್ಲಿ ಕಟ್ಟಡದ ನಿಯಮವೇ ಇದೆ. ಅಷ್ಟು ಗಟ್ಟಿ ನೆಲದಲ್ಲಿ ಅವಳ ಬಳ್ಳೊಳ್ಳಿ ಮಲಗಿರುತ್ತದೆ. ಅಕ್ಟೋಬರ್‌ನಲ್ಲಿ ಎಸಳು ಊರಿ, ಮೇಲೆ ಗೇಣುದ್ದ ಹುಲ್ಲು ಹಾಸಿಬಿಟ್ಟರೆ ಮುಗಿಯಿತು. ಕೀಳುವುದು ಜುಲೈಗೆ. ಥಂಡಿ ತಗಲದಿದ್ದರೆ ಬಳ್ಳೊಳ್ಳಿ ಎಸಳೊಡೆಯುವುದೇ ಇಲ್ಲ, ಈರುಳ್ಳಿ ಹಾಗೆ ಒಂದೇ ಗಡ್ಡೆಯಾಗಿ ಉಳಿಯುತ್ತದಂತೆ. ಡೇಲಿಯಾ ಇದರ ಉಲ್ಟಾ. ಅದು ಥಂಡಿ ತಡೆಯಲ್ಲ. ಮೊದಲ ಹಿಮಕ್ಕೆ ಎಲೆ ಕಪ್ಪಾದ ಮೇಲೆ ಗಡ್ಡೆ ಅಗೆದು, ಪೆಟ್ಟಿಗೆಯಲ್ಲಿಟ್ಟು ನೆಲಮಾಳಿಗೆಗೆ ಇಳಿಸುತ್ತಾಳೆ. ತಿಂಗಳಿಗೊಮ್ಮೆ ಹೋಗಿ ಕೊಳೆತದ್ದನ್ನು ಆರಿಸಿ ಬರುವುದು. "ಬ್ಯಾಂಕ್ ಲಾಕರ್‌ಗೆ ಹೋಗಿ ಬಂಗಾರ ನೋಡಿ ಬಂದಂಗ" ಅಂತಾಳೆ.

ಜನವರಿಯಲ್ಲಿ ಪೋಸ್ಟಿನಲ್ಲಿ ಬೀಜದ ಕ್ಯಾಟಲಾಗ್ ಬರುತ್ತವೆ. ಟೊಮ್ಯಾಟೊ ಒಂದರಲ್ಲೇ ಪುಟಗಟ್ಟಲೆ ತಳಿ. ಕೆಂಪು ಪೆನ್ನಿನಲ್ಲಿ ನಲವತ್ತಕ್ಕೆ ಸುತ್ತು ಹಾಕಿ, ಕೊನೆಗೆ ಆರು ತರಿಸುತ್ತಾಳೆ. ಸೀರೆ ಅಂಗಡಿಯಲ್ಲೂ ಅವಳು ಹಾಗೇ. ಆಮೇಲೆ ಹತಾರ ತೊಳೆಯುವುದು, ಸಾಣೆ ಹಿಡಿಯುವುದು, ಮರದ ಕಾವಿಗೆ ಎಣ್ಣೆ ಸವರುವುದು. ಯಾವ ಎಣ್ಣೆ ಅಂದೆ. "ಅಗಸಿ ಎಣ್ಣಿ!" ನನಗೆ ನಗು. ನಾವು ಅಗಸಿ ಹುರಿದು, ಖಾರ, ಬಳ್ಳೊಳ್ಳಿ ಹಾಕಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುವವರು. ಅವರು ಸಲಿಕಿಯ ಕಾವಿಗೆ ತಿನ್ನಿಸುತ್ತಾರೆ. ಅಗಸಿ ಎಣ್ಣೆ ಗಾಳಿಗೆ ಒಣಗಿ ಪದರ ಕಟ್ಟುತ್ತದೆ, ಮರ ಸೀಳುವುದಿಲ್ಲ. ನಾನೂ ಮಾಡಿ ನೋಡಿದೆ. ಹತ್ತು ವರ್ಷದ ನನ್ನ ಸಲಿಕಿಯ ಕಾವು ಈಗ ಕೈಗೆ ಚುಚ್ಚುವುದಿಲ್ಲ.

ಆದರೆ ನನಗೆ ಬೆರಗಾದದ್ದು ಹಾಲಿನ ಕ್ಯಾನಿನ ಕೆಲಸ. ಅಲ್ಲಿ ಹಾಲು ಹೆಚ್ಚುಕಡಿಮೆ ನಾಲ್ಕು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತದೆ. ಅದನ್ನು ನಡುವಿಗೆ ಕತ್ತರಿಸುತ್ತಾಳೆ, ಹಿಡಿಕೆ ಹತ್ತಿರ ಮಾತ್ರ ಬಿಟ್ಟು. ತಳಕ್ಕೆ ತೂತು. ನಾಲ್ಕು ಬೆರಳು ಮಣ್ಣು, ಬೀಜ, ನೀರು. ಮತ್ತೆ ಮುಚ್ಚಿ ಟೇಪ್ ಸುತ್ತಿ, ಬಾಯಿಯ ಬಿರಡೆ ತೆಗೆದು, ಹಿಮದಲ್ಲಿ ಇಟ್ಟುಬಿಡುತ್ತಾಳೆ. ಜನವರಿಯಲ್ಲಿ! ನಾನು ಬೈದೆ. ಬೀಜ ಸತ್ತು ಹೋಗತಾವ ಅಂತ. "ಸಾಯಂಗಿಲ್ಲ. ಇವು ಥಂಡಿ ತಿಂದ ಮ್ಯಾಲೇ ಏಳೂವು" ಅಂದಳು.

ಅದರಲ್ಲೊಂದು ಮಿಲ್ಕ್‌ವೀಡ್. ಅದರ ಫೋಟೊ ಕಳಿಸಿದಾಗ ನನಗೆ ಗುರುತು ಸಿಕ್ಕಿತು. ಮುರಿದರೆ ಹಾಲು, ಕಾಯಿ ಒಡೆದರೆ ರೇಷ್ಮೆಯಂಥ ಬಿಳಿ ಎಳೆ, ಅದರ ತುದಿಗೆ ಹಾರುವ ಬೀಜ. ನಮ್ಮ ಎಕ್ಕಿ! ಒಂದೇ ಕುಟುಂಬದ ಗಿಡಗಳಂತೆ. ಅಲ್ಲಿ ಅದರ ಮೇಲೆ ಮೊನಾರ್ಕ್ ಚಿಟ್ಟೆ ಮೊಟ್ಟೆ ಇಡುತ್ತದೆ. ಇಲ್ಲಿ ರಸ್ತೆ ಬದಿ ಎಕ್ಕಿಯ ಮೇಲೆ ಅದೇ ಥರದ ಕಿತ್ತಳೆ ಚಿಟ್ಟೆ ಇಡುತ್ತದೆ. ಆದರೆ ನಮ್ಮ ಎಕ್ಕಿಗೆ ಯಾರ ಉಪಚಾರವೂ ಬೇಡ, ಗರಸಿನಲ್ಲೂ ಎದ್ದು ನಿಲ್ಲುತ್ತದೆ. ಅಲ್ಲಿಯದಕ್ಕೆ ಕನಿಷ್ಠ ಒಂದು ತಿಂಗಳು ಒದ್ದೆ ಥಂಡಿಯಲ್ಲಿ ಕಳೆದ ಮೇಲೇ ಎಚ್ಚರ. ಹಾಗಿಲ್ಲದಿದ್ದರೆ ಅಕ್ಟೋಬರ್‌ನ ನಾಲ್ಕು ದಿನದ ಬಿಸಿಲು ನಂಬಿ ಮೊಳೆತು, ಐದನೇ ದಿನದ ಹಿಮಕ್ಕೆ ಸಾಯುತ್ತಿತ್ತು. ಬೀಜಕ್ಕೆ ತನ್ನ ಊರಿನ ಪಂಚಾಂಗ ಗೊತ್ತು, ಅಲ್ವಾ?

ಥಂಡಿ ತಡೆಯಲಾರದವು ನಮ್ಮ ಕಡೆಗೇ ಬರುತ್ತವೆ. ಚಳಿಗಾಲದಲ್ಲಿ ಹಿನ್ನೀರಿನ ದಂಡೆಗೆ ಹೋದರೆ ಪಟ್ಟೆತಲೆಯ ಹೆಬ್ಬಾತುಗಳು ಕಾಣುತ್ತವೆ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬಂದವು. ದಂಡೆಯ ಹೊಲದಲ್ಲಿ ಇಳಿದು ಎಳೇ ಪೈರು ಮೇಯುತ್ತವೆ, ರೈತರು ಡಬ್ಬಿ ಬಡಿಯುತ್ತಾರೆ. ಅಕ್ಕನಿಗೆ ವಿಡಿಯೊ ಕಳಿಸಿದ್ದೆ. "ಇವಕ್ಕ ವೀಸಾ ಕೇಳೋರಿಲ್ಲ" ಅಂತ ಉತ್ತರ ಬಂತು.

ಇಲ್ಲಿನ ತೋಟದವರಿಗೆ ಈ ನಿದ್ದೆಯ ಲೆಕ್ಕ ಗೊತ್ತಿಲ್ಲ ಅಂತಲ್ಲ. ಹಿತ್ತಲಿನವನಾದ ನನಗೆ ಗೊತ್ತಿರಲಿಲ್ಲ ಅಷ್ಟೇ. ದಾಳಿಂಬರಿ ಬೆಳೆಯುವವರನ್ನು ನೋಡಿ. ನಮಗೆ ಥಂಡಿ ಇಲ್ಲ, ಹಾಗಾಗಿ ಗಿಡಕ್ಕೆ ಬೇಕಂತಲೇ ನೀರು ನಿಲ್ಲಿಸುತ್ತಾರೆ. ತಿಂಗಳು, ಒಂದೂವರೆ ತಿಂಗಳು. ಎಲೆ ಹಳದಿಯಾಗಿ ಉದುರಿ ಗಿಡ ಬೋಳಾಗುತ್ತದೆ. ಆಮೇಲೆ ಟೊಂಗೆ ಸವರಿ, ಗೊಬ್ಬರ ಹಾಕಿ, ನೀರು ಬಿಟ್ಟರೆ ಒಮ್ಮೆಲೇ ಹೂವು. ಇದಕ್ಕೇ ಬಹಾರ್ ಹಿಡಿಯುವುದು ಅನ್ನುತ್ತಾರೆ. ವಿಜಯಪುರ ಕಡೆಯ ದ್ರಾಕ್ಷಿಯವರಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವುದು. ಏಪ್ರಿಲ್‌ನದು ಕಡ್ಡಿಗೆ, ಅಕ್ಟೋಬರ್‌ನದು ಹಣ್ಣಿಗೆ. ಸುಡುವ ಏಪ್ರಿಲ್‌ನಲ್ಲಿ ಬಳ್ಳಿಯೆಲ್ಲ ಸವರಿ ನಿಲ್ಲಿಸುತ್ತಾರೆ. ಮುಂದಿನ ವರ್ಷದ ಗೊಂಚಲು ಆಗ ಮೂಡುವ ಕಡ್ಡಿಯ ಕಣ್ಣಿನಲ್ಲೇ ತಯಾರಾಗುವುದು.

ಈಗ ನನ್ನ ಬೇಸಿಗೆಗೂ ಕೆಲಸ ಇದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಬೇವಿನ ಎಲೆ ಉದುರುತ್ತದೆ. ಓಣಿಯ ಜನ ಗುಡಿಸಿ ಬೆಂಕಿ ಹಚ್ಚುತ್ತಾರೆ. ನಾನು ಗೋಣಿಚೀಲ ಹಿಡಿದು ಹೋಗುತ್ತೇನೆ. ಮೊದಮೊದಲು ವಿಚಿತ್ರವಾಗಿ ನೋಡಿದರು. ಈಗ ಅವರೇ ಚೀಲ ಕಟ್ಟಿ ಗೇಟಿನ ಹತ್ತಿರ ಇಟ್ಟು ಹೋಗುತ್ತಾರೆ. ಏಪ್ರಿಲ್‌ನಲ್ಲಿ ಖಾಲಿ ಮಡಿಗೆ ಒಂದು ಸಲ ಚೆನ್ನಾಗಿ ನೀರುಣಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು ಅಂಚಿಗೆ ಮಣ್ಣು ಮುಚ್ಚಿಬಿಡುತ್ತೇನೆ. ಐದಾರು ವಾರ. ಒಳಗೆ ಮಣ್ಣು ಕುದಿದು ಕಸದ ಬೀಜ, ಬೇರುಗಂಟಿನ ಹುಳ ಬಹಳಷ್ಟು ಸಾಯುತ್ತದೆ. ಹಾಳೆ ಪಾರದರ್ಶಕ ಇರಬೇಕು. ಮೊದಲ ವರ್ಷ ನಾನು ಬುದ್ಧಿವಂತಿಕೆ ಮಾಡಿ ಕರೀ ತಾಡಪತ್ರಿ ಹಾಸಿದ್ದೆ. ಬಿಸಿಲೆಲ್ಲ ತಾಡಪತ್ರಿಗೇ ಆಯಿತು, ಕೆಳಗೆ ಅಷ್ಟು ಕಾವೇ ಇಳಿಯಲಿಲ್ಲ. ಅಟ್ಟದ ಮೇಲೆ ಬೇಡವಾದ ಬಿಸಿಲು ಇಲ್ಲಿ ಬೇಕು. ಬೀಜಕ್ಕೆ ಮಾತ್ರ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಜಾಗ ಸಿಕ್ಕಿದೆ. ಬಾಟಲಿಯ ತಳಕ್ಕೆ ಹುರಿದು ಆರಿಸಿದ ಅಕ್ಕಿಯ ಪುಡಿಕೆ, ತೇವ ಎಳೆಯಲು. ಉಳ್ಳಾಗಡ್ಡಿ ಬೀಜ ಮಾತ್ರ ವರ್ಷದ ಮೇಲೆ ನಂಬುವುದಿಲ್ಲ, ಅದು ಬೇಗ ಸಾಯುವ ಜಾತಿ. "ಈ ಡಬ್ಬಿ ತಗೀರಿ, ಹಾಲು ಇಡಾಕ ಜಾಗಿಲ್ಲ" ಅಂತ ಹೆಂಡತಿ ವಾರಕ್ಕೊಮ್ಮೆ ಅಂತಾಳೆ.

ಮೊನ್ನೆ ಏಪ್ರಿಲ್ ಮೊದಲ ವಾರ ಅಕ್ಕನ ಫೋನು ಬಂತು. ಅಲ್ಲಿ ಗಡಿಯಾರ ಒಂದು ತಾಸು ಮುಂದೆ ಹೋಗಿತ್ತು, ರಾತ್ರಿ ಎಂಟೂವರೆ. ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಟೊಮ್ಯಾಟೊ ಸಸಿ ಸಾಲಾಗಿ ನಿಂತಿದ್ದವು. ಹೊರಗಿಡಲು ಇನ್ನೂ ಆರು ವಾರ. ಅವಳು ಮಾತಾಡುತ್ತಾ ಅಂಗೈಯಿಂದ ಸಸಿಗಳ ತಲೆ ಸವರುತ್ತಿದ್ದಳು. ಹಾಗೆ ದಿನಾ ಸವರಿದರೆ ಗಾಳಿ ಬೀಸಿತು ಅಂದುಕೊಂಡು ದಂಟು ಗಟ್ಟಿ ಮಾಡಿಕೊಳ್ಳುತ್ತವಂತೆ. ಆಮೇಲೆ ಟಾರ್ಚ್ ಹಿಡಿದು ಹೊರಗೆ ಹೋಗಿ ಹಾಲಿನ ಕ್ಯಾನು ತೋರಿಸಿದಳು. ಮಧ್ಯಾಹ್ನ ಮತ್ತೆ ಹಿಮ ಬಿದ್ದಿತ್ತು. ಕ್ಯಾನಿನೊಳಗೆ ಬಗ್ಗಿ ನೋಡಿದರೆ ಪಾಲಕದ ಎರಡೆರಡು ಎಲೆ.

"ನಿಂದು ತೋರ್ಸು."

ನಾನು ಡಬ್ಬಿ ತಂದು ಧೋತರದ ತುಂಡು ಬಿಚ್ಚಿದೆ. ಎರಡು ಬಳ್ಳಿಯ ಬೀಜದ ಬೀಜ, ಅವ್ವನ ಹೀರಿ. ನಾಲ್ಕನೇ ದಿನ. ಕರೀ ಸಿಪ್ಪೆ ಬಿರಿದು ಬಿಳೀ ಬೇರು ಬಟ್ಟೆಯ ಎಳೆಯೊಳಗೇ ಇಳಿದುಬಿಟ್ಟಿತ್ತು. ಇಬ್ಬರೂ ಎಣಿಸಿದೆವು. ಹತ್ತರಲ್ಲಿ ಎಂಟು.

ಈ ಸಲ ಪರೀಕ್ಷೆಗೆ ಹಾಕಿದ ಬೀಜವನ್ನು ಎಸೆಯಲೇಬೇಕಿತ್ತು. ಹೊರಗೆ ನಲವತ್ತೊಂದು ಡಿಗ್ರಿ, ಈಗ ಹೀರಿ ಹಚ್ಚುವ ಹುಚ್ಚ ಯಾರು? ಡಬ್ಬಿ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಹೆಂಡತಿ ಒಳಗಿನಿಂದ ನೋಡಿದಳು.

"ಒಗಿಯಾಕ ಮನಸ್ಸಿಲ್ಲಂದ್ರ ಹಚ್ಚಿಬಿಡ್ರಿ. ಬಚ್ಚಲ ನೀರಂತೂ ಸುಮ್ನೆ ಹೊಂಟೈತಿ."

ಬಚ್ಚಲ ನೀರು ಹೋಗುವ ಕಡೆ, ಕರಿಬೇವಿನ ನೆರಳಲ್ಲಿ ಬಟ್ಟೆ ಸಮೇತ ಹಚ್ಚಿದ್ದೇನೆ. ಬೇರು ಬಿಡಿಸಲು ಹೋಗಿದ್ದರೆ ಮುರಿಯುತ್ತಿತ್ತು. ಎಂಟರಲ್ಲಿ ಐದು ಇವೆ. ನಿನ್ನೆ ಒಂದು ಮೂರನೇ ಎಲೆ ಬಿಟ್ಟಿದೆ. ಮೂರು ಇಟ್ಟಿಗೆ ಅಡ್ಡ ಇಟ್ಟಿದ್ದೇನೆ, ಕೋಳಿಗೆ.